ಎರಡನೇ ಶನಿವಾರ ಗೊತ್ತಿಲ್ಲದ ಹುಳ

ಕೆಲವರ ಮನೆಗೆ ಕರೆಯದೆ ನೆಂಟರು ಬರುತ್ತಾರೆ. ನನಗೆ ಕರೆಯದೆ ಪ್ರಸಂಗಗಳು ಬರುತ್ತವೆ. ನಾನು ಸುಮ್ಮನಿದ್ದರೂ ಅವು ಸುಮ್ಮನಿರುವುದಿಲ್ಲ. ತಪ್ಪು ಪೂರ್ತಿ ನನ್ನದಲ್ಲ, ಒಂದು ಹುಳದ್ದು.

ಮಳೆ ಬಿದ್ದ ಮೇಲೆ ಬಚ್ಚಲಿನ ಗೋಡೆಗೋ ಟ್ಯೂಬ್‌ಲೈಟಿನ ಪಕ್ಕಕ್ಕೋ ಅಂಟಿಕೊಂಡು, ಉದ್ದುದ್ದ ಕಾಲು ಚಾಚಿ ತೂಗಾಡುವ ಒಂದು ಹುಳವನ್ನು ನೀವು ನೋಡಿಯೇ ಇರುತ್ತೀರಿ. ‘ಅಯ್ಯೋ, ಎಷ್ಟು ದೊಡ್ಡ ಸೊಳ್ಳೆ!’ ಎಂದು ಚಪ್ಪಲಿ ಹುಡುಕಿಯೂ ಇರುತ್ತೀರಿ. ಅದು ಸೊಳ್ಳೆಯಲ್ಲ, ಕ್ರೇನ್ ಫ್ಲೈ. ಕಚ್ಚುವುದಿಲ್ಲ, ರಕ್ತ ಕುಡಿಯುವುದಿಲ್ಲ. ತಿಂಗಳುಗಟ್ಟಲೆ ಕೆಸರಿನಲ್ಲಿ ಮರಿಹುಳುವಾಗಿ ಬಿದ್ದುಕೊಂಡು, ಕೊಳೆತ ಎಲೆ ತಿಂದು ಬೆಳೆದು, ಆಮೇಲೆ ಕೋಶ ಕಟ್ಟಿಕೊಂಡು, ಕೊನೆಗೊಂದು ದಿನ ರೆಕ್ಕೆ ಬಂದು ಹೊರಗೆ ಬರುತ್ತದೆ. ಬಂದ ಮೇಲೆ ಆಯುಸ್ಸು ಕೆಲವೇ ದಿನ. ಅಷ್ಟರೊಳಗೆ ಜೊತೆ ಹುಡುಕಿಕೊಳ್ಳಬೇಕು, ಮೊಟ್ಟೆ ಇಡಬೇಕು, ಹೊರಟುಬಿಡಬೇಕು.

ನಾನು ವಿಜಯನಗರದ ಒಂದು ಖಾಸಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಡಂ. ಮನೆ ಕೆಂಗೇರಿ ಉಪನಗರ. ಮನೆಯಲ್ಲಿ ನಾನು ಮತ್ತು ನಮ್ಮತ್ತೆ. ಯಜಮಾನರು ಸರ್ಕಾರಿ ನೌಕರರು, ವರ್ಗವಾಗಿ ವಿಜಯಪುರದ ಆಚೆಗಿನ ಒಂದು ಊರಿನಲ್ಲಿದ್ದಾರೆ. ಎರಡನೇ ಶನಿವಾರ, ನಾಲ್ಕನೇ ಶನಿವಾರ ಅವರಿಗೆ ರಜೆ. ಶನಿವಾರ ಬೆಳಿಗ್ಗೆ ಕೆಂಗೇರಿ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ, ಭಾನುವಾರ ಸಂಜೆ ಅಲ್ಲೇ ಹತ್ತುತ್ತಾರೆ. ನಡುವೆ ಎಷ್ಟು ಹೊತ್ತು ಉಳಿಯಿತೋ ಅಷ್ಟೇ ನಮ್ಮ ಸಂಸಾರ.

ನನಗೊಂದೇ ಆಸೆ. ಕೋಶದಿಂದ ಕ್ರೇನ್ ಫ್ಲೈ ಹೊರಬರುವುದನ್ನು ಇವರ ಪಕ್ಕದಲ್ಲಿ ಕೂತು ನೋಡಬೇಕು. ಒಬ್ಬಳೇ ಎಷ್ಟೋ ಸಲ ನೋಡಿದ್ದೇನೆ. ಬೆನ್ನು ಬಿರಿಯುತ್ತದೆ, ಒಳಗಿಂದ ಮಡಚಿದ ಕಾಲುಗಳು ಒಂದೊಂದಾಗಿ ಬರುತ್ತವೆ, ಇಷ್ಟು ಚಿಕ್ಕ ಚೀಲದಲ್ಲಿ ಅಷ್ಟುದ್ದ ಕಾಲು ಹೇಗಿತ್ತಪ್ಪ ಎಂದು ಪ್ರತಿ ಸಲವೂ ಬಾಯಿ ಬಿಡುತ್ತೇನೆ. ಆದರೆ ಬಾಯಿ ಬಿಟ್ಟುಕೊಂಡು ಪಕ್ಕಕ್ಕೆ ತಿರುಗಿ ‘ನೋಡಿದ್ರಾ?’ ಎನ್ನಲು ಯಾರೂ ಇರುವುದಿಲ್ಲ. ಮದುವೆಯಾದ ಲಾಗಾಯ್ತು ಇವರಿಗೆ ಬಣ್ಣಿಸಿ ಬಣ್ಣಿಸಿ ಸಾಕಾಗಿದೆ, ಇವರು ಒಮ್ಮೆಯೂ ಕಂಡಿಲ್ಲ. ಇವರಿರುವ ಶನಿವಾರ ಹುಳ ಬರುವುದಿಲ್ಲ, ಹುಳ ಬರುವ ಮಂಗಳವಾರ ಇವರಿರುವುದಿಲ್ಲ.

ಕಾಲು ಕೊಟ್ಟು ಜೀವ ಉಳಿಸಿಕೊಂಡದ್ದು

ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಸಾಹೇಬರಿದ್ದಾರೆ. ಸಂಜೆಯಾದರೆ ಕರೆಂಟಿನ ಸೊಳ್ಳೆ ಬ್ಯಾಟು ಹಿಡಿದು ಕಾಂಪೌಂಡಿನಲ್ಲಿ ವಾಕಿಂಗ್ ಮಾಡುತ್ತಾರೆ. ವೃಷಭಾವತಿ ಎಂಬ ಕೊಳಚೆ ಹೊಳೆಯ ದಡದಲ್ಲಿ ಮನೆ ಕಟ್ಟಿಸಿದವರಿಗೆ ಆ ಬ್ಯಾಟು ಕೈಯ ಇನ್ನೊಂದು ಬೆರಳಿದ್ದ ಹಾಗೆ. ಒಂದು ಸಂಜೆ ಗೋಡೆಯಾಚೆಯಿಂದ ಕೂಗಿದರು.

“ಮೇಡಂ, ಬನ್ನಿ ಬನ್ನಿ! ಡೆಂಗಿ ಸೊಳ್ಳೆಯ ಅಪ್ಪನ್ನೇ ಹಿಡಿದಿದೀನಿ!”

ಓಡಿಹೋಗಿ ನೋಡಿದರೆ ಎರಡು ಬೆರಳ ನಡುವೆ ಒಂದು ಕ್ರೇನ್ ಫ್ಲೈ ಕಾಲು ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತು.

“ಸಾರ್, ಅದು ಸೊಳ್ಳೆ ಅಲ್ಲ, ಬಿಟ್ಬಿಡಿ. ಕಚ್ಚಲ್ಲ.”

“ಕಚ್ಚಲ್ಲ ಅಂದ್ರೆ ಇಷ್ಟುದ್ದ ಕಾಲು ಯಾಕ್ರೀ?”

ನಾನು ಉತ್ತರ ಕೊಡುವಷ್ಟರಲ್ಲಿ ಹುಳವೇ ಕೊಟ್ಟಿತು. ಒಂದು ಕಾಲನ್ನು ಸಾಹೇಬರ ಕೈಯಲ್ಲಿ ಬಿಟ್ಟು, ಉಳಿದ ಕಾಲುಗಳೊಂದಿಗೆ ಹಾರಿಹೋಯಿತು. ಸಾಹೇಬರು ಗಾಬರಿಯಾದರು. “ನಾನೇನೂ ಕಿತ್ತಿಲ್ಲ ಮೇಡಂ!”

“ನೀವಲ್ಲ ಸಾರ್, ಅದೇ ಕಳಚಿಕೊಂಡಿದ್ದು. ಯಾರಾದ್ರೂ ಹಿಡಿದ್ರೆ ಒಂದು ಕಾಲು ಬಿಟ್ಕೊಟ್ಟು ಉಳಿದ ದೇಹ ಪಾರು ಮಾಡ್ಕೊಳತ್ತೆ. ಅದರ ಉಪಾಯ ಅದು.”

ಸಾಹೇಬರು ಅಂಗೈಯಲ್ಲಿದ್ದ ಕಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹಳೆಯ ಸ್ನೇಹಿತನನ್ನು ಕಂಡವರ ದನಿಯಲ್ಲಿ ಹೇಳಿದರು:

“ನಮ್ಮ ಡಿಪಾರ್ಟ್‌ಮೆಂಟಲ್ಲೂ ಇದೇ ಪದ್ಧತಿ ಇತ್ತು ಮೇಡಂ. ಎನ್‌ಕ್ವೈರಿ ಬಂದಾಗ ಒಬ್ಬ ಅಟೆಂಡರ್‌ನ ಬಿಟ್ಕೊಟ್ಟು ಎಲ್ಲರೂ ಪಾರಾಗ್ತಿದ್ವಿ.”

ಮೆಟ್ರೋದಲ್ಲಿ ಮುಖಪರಿಚಯ

ತರಗತಿಯಲ್ಲಿ ತೋರಿಸಲು ಒಮ್ಮೆ ಮರಿಹುಳುಗಳನ್ನು ಸ್ಟೀಲ್ ಡಬ್ಬಿಯಲ್ಲಿ ಕೆಸರಿನ ಸಮೇತ ತುಂಬಿಕೊಂಡು ಕೆಂಗೇರಿಯಲ್ಲಿ ಮೆಟ್ರೋ ಹತ್ತಲು ಹೋದೆ. ತಪಾಸಣೆಯ ಹುಡುಗಿ ತಡೆದಳು.

“ಡಬ್ಬೀಲಿ ಏನು ಮೇಡಂ, ಊಟನಾ?”

“ಅಲ್ಲಮ್ಮ, ಕೆಸರು.”

“ಕೆಸರಾ? ಕೆಸರು ಯಾಕೆ ಮೇಡಂ?”

“ಒಳಗೆ ಹುಳ ಇದಾವೆ, ಅವಕ್ಕೆ ಬೇಕು.”

ಸುಳ್ಳು ಹೇಳಿದ್ದರೆ ಸಲೀಸಾಗಿ ಹೋಗಬಹುದಿತ್ತು. ಮೇಡಂ ಆದವಳಿಗೆ ಅದು ಬರುವುದಿಲ್ಲ. ಅವಳು ಮುಚ್ಚಳ ತೆಗೆದಳು. ಅದೇ ಹೊತ್ತಿಗೆ ಒಂದು ಮರಿಹುಳು ಕೆಸರಿನಿಂದ ಮೇಲೆದ್ದು ಅವಳ ಕಡೆ ತಿರುಗಿತು. ಎರಡು ಕಪ್ಪು ಕಣ್ಣು, ಸುತ್ತಲೂ ಕೊಂಬಿನ ಹಾಗೆ ಪುಟ್ಟ ಪುಟ್ಟ ಬೆರಳು, ನೋಡಿದರೆ ಥೇಟ್ ದೃಷ್ಟಿಬೊಂಬೆ.

“ಅಮ್ಮಾ! ನನ್ನೇ ಗುರಾಯಿಸ್ತಾ ಇದೆ!”

“ಹೆದರ್ಕೋಬೇಡಮ್ಮ, ಅದು ಕಣ್ಣಲ್ಲ, ಉಸಿರಾಡೋ ತೂತು. ಅದು ಮುಖಾನೂ ಅಲ್ಲ, ಹಿಂಭಾಗ. ತಲೆ ಕೆಳಗೆ ಕೆಸರೊಳಗಿದೆ, ಊಟ ಮಾಡ್ತಾ ಇದೆ. ಮೂಗು ಹಿಂದುಗಡೆ ಇದ್ರೆ ಊಟಕ್ಕೆ ತೊಂದರೆ ಇಲ್ಲ ನೋಡು.”

ಹಿಂದೆ ಕ್ಯೂ ಬೆಳೆಯುತ್ತಿತ್ತು. ಹುಡುಗಿ ಮುಚ್ಚಳ ಹಾಕಿ ಡಬ್ಬಿಯನ್ನು ಎರಡೂ ಕೈಯಲ್ಲಿ ನನಗೆ ಒಪ್ಪಿಸಿದಳು. “ಹೋಗ್ಬನ್ನಿ ಮೇಡಂ. ದಿನಾ ಇಲ್ಲಿ ಸಾವಿರಾರು ಜನ ನನ್ನ ಮುಖಾನೂ ನೋಡದೆ ಹೋಗ್ತಾರೆ. ಹಿಂಭಾಗದಲ್ಲಾದ್ರೂ ಮಾತಾಡ್ಸಿದ್ದು ಇದೊಂದೇ.”

ರೈಲಿನೊಳಗೆ ‘ಹುಳ ಅಂತೆ, ಹುಳ’ ಎಂಬ ಪಿಸುಮಾತು ನನಗಿಂತ ಮುಂಚೆ ಹತ್ತಿತ್ತು. ನಾನು ಕೂತದ್ದೇ ಎರಡೂ ಪಕ್ಕ ಖಾಲಿಯಾಯಿತು. ಇವರಿದ್ದಿದ್ದರೆ ಪಕ್ಕದಲ್ಲಿ ಕಾಲು ಚಾಚಿ ಕೂರಬಹುದಿತ್ತಲ್ಲ ಎಂದು ಮನಸ್ಸು ಅತ್ತ ಹೋಯಿತು. ಆಮೇಲೆ ಆ ಜಾಗದಲ್ಲಿ ಬ್ಯಾಗು ಇಟ್ಟೆ. ಈಗ ಹುಳವಿಲ್ಲದ ದಿನವೂ ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಆಗಾಗ ಮುಚ್ಚಳ ತೆಗೆದು ಒಳಗೆ ಇಣುಕುತ್ತೇನೆ.

ಕಂಡಿದ್ದನ್ನೇ ಬರೆದವಳು

ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನ ಕಾಲೇಜಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಟೇಬಲಿನ ಮೇಲೆ ಒಣಗಿದ ಕ್ರೇನ್ ಫ್ಲೈ ಇಟ್ಟು, ಚಿತ್ರ ಬರೆಯಿರಿ ಎಂದಿದ್ದೆ. ಒಬ್ಬ ವಿದ್ಯಾರ್ಥಿನಿ ಅಂದವಾಗಿ ಬರೆದು ಕಾಲು ಮಾತ್ರ ನಾಲ್ಕು ಹಾಕಿದ್ದಳು.

ಪರೀಕ್ಷಕರು ನನ್ನ ಕಡೆ ತಿರುಗಿದರು. “ಏನ್ ಮೇಡಂ, ಕೀಟಕ್ಕೆ ಆರು ಕಾಲು ಅಂತ ಹೇಳ್ಕೊಟ್ಟಿಲ್ವಾ?”

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಎದ್ದು ನಿಂತಳು. “ಸಾರ್, ಪುಸ್ತಕದಲ್ಲಿರೋದು ಬೇಡ, ಕಣ್ಣಿಗೆ ಕಂಡಿದ್ದನ್ನೇ ಬರೀರಿ ಅಂತ ಮೇಡಂ ಹೇಳ್ಕೊಟ್ಟಿದಾರೆ. ನನ್ನ ಹುಳಕ್ಕೆ ನಾಲ್ಕೇ ಇತ್ತು.”

ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುತ್ತಾರಲ್ಲ, ಪರೀಕ್ಷಕರು ಹಾಗೇ ಎದ್ದು ಬಂದರು. “ಉಳಿದ ಎರಡು ಎಲ್ಲಿತ್ತು ಅನ್ನೋ ಗುರುತಾದ್ರೂ ಇರತ್ತಮ್ಮ, ತೋರಿಸ್ತೀನಿ ಬಾ,” ಎಂದು ಚಿಮಟದಲ್ಲಿ ಹುಳವನ್ನು ಮೆಲ್ಲಗೆ ಎತ್ತಿದರು. ಎತ್ತಿದ ಗಾಳಿಗೆ ಇನ್ನೊಂದು ಕಾಲು ಕಳಚಿ ಅವರ ಷರಟಿನ ಮೇಲೆ ಬಿತ್ತು.

ಹುಡುಗಿ ರಬ್ಬರು ಕೈಗೆತ್ತಿಕೊಂಡು ಬಹಳ ವಿನಯದಿಂದ ಕೇಳಿದಳು: “ಸಾರ್, ಮೂರು ಅಂತ ತಿದ್ಲಾ?”

ಅವತ್ತು ಸಂಜೆ ಇದನ್ನು ಫೋನಿನಲ್ಲಿ ಹೇಳಿದಾಗ ಇವರು ಕೆಮ್ಮು ಬರುವಷ್ಟು ನಕ್ಕರು. ನನಗೆ ಆ ನಗು ಕೇಳಿಸಿತು. ನಕ್ಕಾಗ ಇವರ ಕಣ್ಣು ಪೂರ್ತಿ ಮುಚ್ಚಿಹೋಗುತ್ತದೆ, ಅದನ್ನು ನೋಡಬೇಕಿತ್ತು. “ಕನ್ನಡಕ ತೆಗೆದು ಕಣ್ಣು ಒರೆಸ್ಕೊಳ್ರೀ,” ಎಂದೆ. “ನಿನಗೆ ಹೇಗೆ ಗೊತ್ತಾಯ್ತೇ?” ಎಂದರು.

ಅದು ನಿಮ್ಮ ಪರ್ಸನಲ್ ವಿಷಯ

ಇವರನ್ನು ಈ ಕಡೆಗೆ ವರ್ಗ ಮಾಡಿಸಿಕೊಳ್ಳಲು ನಾವು ಅಲೆಯದ ಕಚೇರಿಯಿಲ್ಲ. ವರ್ಗಾವಣೆಯಲ್ಲಿ ‘ಪತಿ-ಪತ್ನಿ ಪ್ರಕರಣ’ ಎಂದು ಒಂದು ದಾರಿಯಿದೆ, ಗಂಡ ಹೆಂಡತಿಯನ್ನು ಒಂದೇ ಕಡೆ ಹಾಕುತ್ತಾರೆ ಎಂದು ಯಾರೋ ಹೇಳಿದರು. ನಾನು ಒಳ್ಳೆಯ ಸೀರೆ ಉಟ್ಟು ಇವರ ಜೊತೆ ಹೋದೆ. ಹೆಂಡತಿ ಇರುವುದು ನಿಜ ಎಂದು ನೋಡಿದರೆ ಗೊತ್ತಾಗಲಿ ಎಂದು.

ಅಲ್ಲಿನ ಗುಮಾಸ್ತರು ಕೇಳಿದರು: “ಮೇಡಂ ಯಾವ ಡಿಪಾರ್ಟ್‌ಮೆಂಟು?”

“ಖಾಸಗಿ ಕಾಲೇಜು.”

“ಓ, ಹಾಗಾದ್ರೆ ಆಗಲ್ಲ. ಇಬ್ರೂ ಸರ್ಕಾರಿ ನೌಕರರಾಗಿರ್ಬೇಕು. ನೀವು ಪತಿ-ಪತ್ನಿ ಪ್ರಕರಣದಲ್ಲಿ ಬರಲ್ಲ.”

ಇವರು ಸಾಧು ಮನುಷ್ಯ. ಮೆಲ್ಲಗೆ, “ಸಾರ್, ನಾವಿಬ್ರೂ ಗಂಡ ಹೆಂಡ್ತಿ,” ಎಂದರು.

“ಇರಬಹುದು ಸಾರ್,” ಎಂದರು ಅವರು, ನೊಂದುಕೊಂಡೇ. “ಅದು ನಿಮ್ಮ ಪರ್ಸನಲ್ ವಿಷಯ.”

ಗಣೇಶನ ಡ್ರಮ್ಮು

ನಮ್ಮ ಬೀದಿಯವರೆಲ್ಲ ಮಣ್ಣಿನ ಗಣೇಶನನ್ನು ಒಂದೇ ನೀಲಿ ಡ್ರಮ್ಮಿನಲ್ಲಿ ಬಿಡುತ್ತೇವೆ. ಡ್ರಮ್ಮು ಇರುವುದು ನಮ್ಮ ಮನೆಯ ಹಿತ್ತಲಲ್ಲಿ, ಸೀಬೆ ಮರದ ಕೆಳಗೆ. ಗಣೇಶ ಕರಗಿದ ಮೇಲೆ ನೀರು ಚೆಲ್ಲಿ, ತಳದ ಮಣ್ಣನ್ನು ಹಂಚಿಕೊಂಡು ಗಿಡಕ್ಕೆ ಹಾಕುವುದು ವಾಡಿಕೆ. ಹೋದ ವರ್ಷ ಮಣ್ಣು ತೆಗೆಯಲು ಹೋದವಳು ಹಾಗೇ ನಿಂತೆ. ಗರಿಕೆ, ಪತ್ರೆ, ಹೂವು ಎಲ್ಲ ಕೊಳೆತು ಹದವಾಗಿದ್ದ ಆ ಕೆಸರಿನ ಮೇಲೆ ಒಂದು ಹೆಣ್ಣು ಕ್ರೇನ್ ಫ್ಲೈ ನೆಟ್ಟಗೆ ನಿಂತು, ಬಾಲದ ತುದಿಯಿಂದ ಕುಟ್ಟಿ ಕುಟ್ಟಿ ಮೊಟ್ಟೆ ಇಡುತ್ತಿತ್ತು. ಹುಡುಕಿದರೂ ಸಿಗದ ಹೆರಿಗೆಮನೆ ಹಿತ್ತಲಿಗೇ ಬಂದಿತ್ತು. ಈ ಡ್ರಮ್ಮನ್ನು ಯಾರೂ ಮುಟ್ಟಕೂಡದು ಎಂದು ಘೋಷಿಸಿಬಿಟ್ಟೆ.

ಪಕ್ಕದ ಮನೆ ಸಾಹೇಬರ ಹೆಂಡತಿಗೆ ಇದು ಸರಿಬರಲಿಲ್ಲ. “ಏನ್ರೀ ಇದು, ಗಣೇಶನ ಮಣ್ಣಲ್ಲಿ ಹುಳ ಸಾಕೋದಾ? ದೇವರಿಗೆ ಕೋಪ ಬರಲ್ವಾ?”

ನಮ್ಮತ್ತೆ ಅವರೆಕಾಯಿ ಬಿಡಿಸುತ್ತ ಅಲ್ಲೇ ಕೂತಿದ್ದರು. ಮೂಡಲಪಾಳ್ಯದ ಹಳೇ ಹೊಲಗದ್ದೆ ಮನೆತನದ ಹೆಣ್ಣುಮಗಳು, ಮಾತಿಗೆ ತಡವಿಲ್ಲ. “ಸುಮ್ನಿರಮ್ಮ. ಇಲಿ ಮೇಲೆ ಕೂತ್ಕೊಂಡು ಓಡಾಡೋನು ಹುಳ ಬೇಡ ಅಂತಾನಾ?”

ಅಲ್ಲಿಂದ ಸಾಹೇಬರ ಹೆಂಡತಿಯೇ ದಿನಾ ಬಂದು ವಿಚಾರಿಸಿಕೊಳ್ಳತೊಡಗಿದರು. ಮರಿ ಎಷ್ಟುದ್ದ ಆಯ್ತು, ಚಳಿಗೆ ಏನಾದರೂ ಹೊದಿಸಬೇಕಾ, ಮಡಿಲು ತುಂಬಿದ ವೀಳ್ಯದೆಲೆ ಹಾಕಬಹುದಾ. ಹೆಣ್ಣು ಕೋಶದಿಂದ ಬರುವಾಗಲೇ ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ ಎಂದು ನಾನು ಹೇಳಿದ ದಿನ ಆಕೆಯ ಕಣ್ಣಲ್ಲಿ ನೀರೇ ಬಂತು.

“ಹುಟ್ತಾನೇ ತುಂಬಿದ ಬಸುರೀನಾ? ಅಯ್ಯೋ ಪಾಪ, ತವರಿಗೆ ಕಳಿಸೋದು ಯಾವಾಗ್ರೀ?”

ಮನೆಯವರು ಸೊರಗಿದ್ದು

ಶಿವರಾತ್ರಿ ಕಳೆದ ಮೇಲೆ ಡ್ರಮ್ಮಿನ ಕೆಸರಿನಿಂದ ಕೋಶಗಳು ಮೇಲೆದ್ದವು. ಕೋಶ ಪೂರ್ತಿ ಹೊರಬರುವುದಿಲ್ಲ, ಹೊಸಿಲಲ್ಲಿ ನಿಂತು ಬೀದಿ ನೋಡುವವರ ಹಾಗೆ ಅರ್ಧ ಮೈ ಹೊರಗೆ ಹಾಕಿ ನಿಲ್ಲುತ್ತದೆ. ಒಂದು ಗುರುವಾರ ಮೊದಲನೆಯದು ಬಿರಿಯತೊಡಗಿತು. ನನಗೆ ತಡೆಯಲಾಗಲಿಲ್ಲ. ಇವರಿಗೆ ವಿಡಿಯೋ ಕಾಲ್ ಮಾಡಿದೆ.

ಇವರು ಆಗ ಮೀಟಿಂಗಿನಲ್ಲಿದ್ದರು. ನಾನು ಎಂದೂ ಆ ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ, ಏನಾಯಿತೋ ಎಂದು ಹೆದರಿ ಟೇಬಲ್ಲಿನ ಕೆಳಗೆ ಹಿಡಿದು ಎತ್ತಿದ್ದಾರೆ. ನೆಟ್‌ವರ್ಕು ಸಿಗುವಷ್ಟರಲ್ಲಿ ಹುಳ ಪೂರ್ತಿ ಹೊರಬಂದು ಡ್ರಮ್ಮಿನ ಒಳಗೋಡೆಗೆ ತೂಗುಬಿದ್ದಿತ್ತು. ಮೊದಲು ಹೊರಬರುವವು ಗಂಡು, ಇದೂ ಗಂಡೇ.

ಅವರ ಮೇಲಧಿಕಾರಿಯ ದನಿ ನನಗೂ ಕೇಳಿಸಿತು. “ಏನ್ರಿ ಅದು, ಟೇಬಲ್ ಕೆಳಗ?”

“ಮನೆಯವರು ಸಾರ್,” ಎಂದರು ಇವರು.

ಮೇಲಧಿಕಾರಿ ಬಗ್ಗಿ ನೋಡಿದ್ದಾರೆ. ಪರದೆಯ ತುಂಬ ಕಡ್ಡಿಯಂಥ ಮೈ, ದಾರದಂಥ ಕೈಕಾಲು. ಆಮೇಲೆ ಬಹಳ ಮರುಕದಿಂದ ಹೇಳಿದರು:

“ನಿಮ್ಮ ಮನಿಯವ್ರು ಭಾಳ ಸೊರಗ್ಯಾರಲ್ರಿ. ಈ ಶನಿವಾರ ರಜಾ ಇಲ್ಲಂದ್ರೂ ಊರಿಗೆ ಹೋಗಿ ಬರ್ರಿ.”

ಭಾನುವಾರದ ರೈಲು

ಹಾಗೆ, ಎರಡನೆಯದೂ ಅಲ್ಲದ ನಾಲ್ಕನೆಯದೂ ಅಲ್ಲದ ಒಂದು ಶನಿವಾರ ಇವರು ಬಂದರು. ಕಾಲು ತೊಳೆಯುವ ಮೊದಲೇ ಡ್ರಮ್ಮಿನ ಹತ್ತಿರ ಕರೆದುಕೊಂಡು ಹೋದೆ. ಕೆಸರಿನಲ್ಲಿ ಒಂದು ದೊಡ್ಡ ಕೋಶ ಎದ್ದು ನಿಂತಿತ್ತು, ಹೆಣ್ಣು. ಗುರುವಾರದ ಗಂಡು ಅದರ ಪಕ್ಕದಲ್ಲೇ ಕೂತಿತ್ತು.

“ಇವನ್ಯಾಕೆ ಹೋಗಿಲ್ಲ?” ಎಂದರು ಇವರು.

“ಅವಳು ಬರೋದನ್ನ ಕಾಯ್ತಾ ಇದಾನೆ. ಈ ಹುಳಗಳಲ್ಲಿ ಹಾಗೇ.”

ಶನಿವಾರ ಕೋಶ ಮಿಸುಕಲಿಲ್ಲ. ಭಾನುವಾರ ಬೆಳಿಗ್ಗೆ ಬಣ್ಣ ಕಪ್ಪಾಯಿತು. ಇವತ್ತೇ, ಎಂದೆ. ಇಬ್ಬರೂ ಎರಡು ಸ್ಟೂಲು ಹಾಕಿಕೊಂಡು ಕೂತೆವು. ಉಪ್ಪಿಟ್ಟು ಅಲ್ಲೇ, ಕಾಫಿ ಅಲ್ಲೇ, ಊಟ ಅಲ್ಲೇ. ಪಕ್ಕದ ಮನೆ ಸಾಹೇಬರು ಗೋಡೆಯ ಮೇಲಿಂದ ಇಣುಕಿ, “ಏನಾದ್ರೂ ಬಿತ್ತಾ ಒಳಗೆ? ಕೊಕ್ಕೆ ಕೊಡ್ಲಾ?” ಎಂದು ಕೇಳಿ ಹೋದರು. ನಾವು ಆ ದಿನ ಆಡಿದಷ್ಟು ಮಾತು ಒಂದು ವರ್ಷದಲ್ಲಿ ಫೋನಿನಲ್ಲಿ ಆಡಿರಲಿಲ್ಲ. ಏನು ಮಾತು ಎಂದರೆ ನೆನಪಿಲ್ಲ. ಇವರ ಮೆಸ್ಸಿನ ಸಾರಿನ ಬಗ್ಗೆ, ನಮ್ಮ ಬಚ್ಚಲಿನ ನಲ್ಲಿಯ ಬಗ್ಗೆ.

ಸಂಜೆಯಾಯಿತು. ಕೋಶ ಹಾಗೇ ಇತ್ತು. ಅತ್ತೆ ಒಳಗಿನಿಂದ, “ರೈಲಿಗೆ ಹೊತ್ತಾಯ್ತು ಕಣೋ,” ಎಂದರು.

ಇವರನ್ನು ಹತ್ತಿಸಲು ಪ್ರತಿ ಸಲ ಸ್ಟೇಷನ್ನಿಗೆ ಹೋಗುವವಳು ನಾನು. ಈಗ ಉಳಿದರೆ ಹುಳ ನೋಡಬಹುದು, ಎಂದಿನಂತೆ ಒಬ್ಬಳೇ. ಹೋದರೆ ಅದೂ ಇಲ್ಲ. “ನೀನಿರು, ನೋಡಿ ಹೇಳು,” ಎಂದರು ಇವರು. ಹೇಳಿ ಹೇಳಿಯೇ ಸಾಕಾಗಿತ್ತು ನನಗೆ. ಚಪ್ಪಲಿ ಮೆಟ್ಟಿಕೊಂಡೆ. ಡ್ರಮ್ಮಿನ ಹತ್ತಿರ ಅತ್ತೆಯನ್ನು ಕೂರಿಸಿ ಹೊರಟೆವು.

ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ರೈಲು ತಡ ಎಂದು ಘೋಷಣೆ ಬಂತು. ಎಷ್ಟು ತಡ ಎಂಬುದು ಮಾತ್ರ ಗಲಾಟೆಯಲ್ಲಿ ಕೇಳಿಸಲಿಲ್ಲ. ಇಬ್ಬರೂ ಮುಖ ಮುಖ ನೋ​ಡಿಕೊಂಡೆವು.

“ಬಾರೇ,” ಎಂದರು ಇವರು. “ಹೋಗಿ ನೋಡ್ಕೊಂಡು ಬಂದ್ಬಿಡೋಣ.”

ಈ ವಯಸ್ಸಿನಲ್ಲಿ ಬ್ಯಾಗು ಹೆಗಲಿಗೇರಿಸಿಕೊಂಡು ಮೆಟ್ಟಿಲು ಹಾರಿ ಆಟೋ ಹತ್ತಿದೆವು. “ಏನಾದ್ರೂ ಮರೆತು ಬಂದ್ರಾ ಸಾರ್?” ಎಂದ ಆಟೋದವನು. “ಹೂಂ ಗುರು, ಬೇಗ ಬಿಡು,” ಎಂದರು. ಮೈಸೂರು ರಸ್ತೆ ದಾಟುವಾಗ ಸಿಗ್ನಲ್ ಬಿತ್ತು. ಜೀವನದಲ್ಲಿ ಒಂದು ಸಿಗ್ನಲ್ಲಿಗೆ ನಾನು ಅಷ್ಟು ಬೈದದ್ದಿಲ್ಲ.

ಹಿತ್ತಲಿಗೆ ಓಡಿದರೆ ಅತ್ತೆ ಸ್ಟೂಲಿನ ಮೇಲೆ, ಕೈ ಗಲ್ಲದ ಮೇಲೆ. ಕೆಸರಿನಲ್ಲಿ ಖಾಲಿ ಕೋಶ ನಿಂತಿತ್ತು. ಡ್ರಮ್ಮಿನ ಗೋಡೆಯ ಮೇಲೆ ಅವಳು, ಅವಳಿಗೆ ಅಂಟಿಕೊಂಡು ಅವನು.

“ನೀವು ಗೇಟು ದಾಟಿದ್ದೇ ತಡ, ಬೆನ್ನು ಬಿರೀತು,” ಎಂದರು ಅತ್ತೆ. “ಮೊದ್ಲು ತಲೆ. ಆಮೇಲೆ ಕಾಲು, ಒಂದೊಂದೇ, ಒಂದೊಂದೇ. ಎಳೆದಷ್ಟೂ ಬರ್ತಾನೇ ಇತ್ತು ಕಣೇ! ಇನ್ನೂ ನೆಟ್ಟಗೆ ನಿಂತೇ ಇಲ್ಲ, ಇವನು ಬಂದು ಕೈ ಹಿಡ್ಕೊಂಡ. ನನಗಂತೂ ಕಣ್ಣಲ್ಲಿ ನೀರು ಬಂತು.”

ಅಷ್ಟರಲ್ಲಿ ಇವರು ಫೋನ್ ನೋಡಿ, “ರೈಲು ಬಂದು ಹೊರಟೂ ಹೋಯ್ತಂತೆ,” ಎಂದರು.

ಹುಳವೂ ಇಲ್ಲ, ರೈಲೂ ಇಲ್ಲ. ನನಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಇವತ್ತು ರಾತ್ರಿ ಇವರು ಮನೆಯಲ್ಲೇ ಇರುತ್ತಾರಲ್ಲ ಎಂದು ಸಂತೋಷವಾಗಿತ್ತು, ಇದೊಂದು ಸಲವೂ ಜೊತೆಯಲ್ಲಿ ನೋಡಲಾಗಲಿಲ್ಲವಲ್ಲ ಎಂದು ಬೇಸರವೂ ಆಗಿತ್ತು. “ನಾವು ಬರೋವರೆಗೂ ಅದಕ್ಕೆ ಕಾಯೋಕಾಗಲಿಲ್ವಾ ಅತ್ತೆ?” ಎಂದೆ ಚಿಕ್ಕ ಹುಡುಗಿಯ ಹಾಗೆ.

ಅತ್ತೆ ನನ್ನ ಕಡೆ ನೋಡಲಿಲ್ಲ. ಬ್ಯಾಗು ಹೆಗಲಿಗೆ ನೇತುಹಾಕಿಕೊಂಡೇ ಡ್ರಮ್ಮಿನೊಳಗೆ ಬಗ್ಗಿ ನೋಡುತ್ತಿದ್ದ ಮಗನನ್ನು ನೋಡಿದರು.

“ನೋಡ್ಕೊಳೋ ಚೆನ್ನಾಗಿ. ಅವನೂ ಗಂಡಸೇ. ಹೆಂಡ್ತಿ ಬರೋ ಹೊತ್ತಿಗೆ ಅವನೇನು ಬ್ಯಾಗು ಹಾಕ್ಕೊಂಡು ಸ್ಟೇಷನ್ನಿಗೆ ಹೋಗಿದ್ನಾ?”